ಅಪ್ಪ ನೀರು ಕುಡಿದ ಮೇಲೆ

ಮನೆಯಿಂದ,
ಮಾರ್ಚ್ ಹದಿನೆಂಟು, ಶನಿವಾರ ಬೆಳಿಗ್ಗೆ

ಪ್ರೀತಿಯ ಮೊಂಡನಿಗೆ,

ಹೇಗಿದ್ದೀಯ? ಬೈಯಬೇಕೆಂದುಕೊಂಡು ಕೂತರೂ ಪೆನ್ನಿನಿಂದ ಮೊದಲು ಇಳಿಯುವುದು ಈ ಪ್ರಶ್ನೆಯೇ. ಲಾಂಚಿನ ಇಂಜಿನ್ ಕೋಣೆಯಲ್ಲಿ ಬಗ್ಗಿ ಬಗ್ಗಿ ನಿನ್ನ ಸೊಂಟ ಹಿಡಿದುಕೊಂಡಿದೆಯಂತೆ, ನಿನ್ನ ಮಗಳು ಬರೆದಿದ್ದಾಳೆ. ಭಾರ ಎತ್ತುವಾಗ ಮಂಡಿ ಮಡಿಸು ಎಂದು ನಿನ್ನ ಹತ್ತನೇ ವಯಸ್ಸಿನಿಂದ ಹೇಳುತ್ತಿದ್ದೇನೆ, ನೀನು ಕೇಳಿದ ದಿನ ನೆನಪಿಲ್ಲ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಾಲ್ಕು ಸಲ ಹೂಂ ಎಂದು ಇಟ್ಟುಬಿಡುತ್ತೀಯ, ನನಗೂ ಸಿಟ್ಟು ಬಂದು ಹೇಳಬೇಕಾದದ್ದನ್ನು ಬಿಟ್ಟು ಬೇರೇನೋ ಬೈಯುತ್ತೇನೆ. ಕಾಗದವಾದರೆ ನೀನು ನಡುವೆ ಎದ್ದು ಹೋದರೂ ಮಾತು ಅಲ್ಲೇ ಕಾಯುತ್ತಿರುತ್ತದೆ. ಆದ್ದರಿಂದ ಕೂತು ಓದು. ಅರ್ಧಕ್ಕೆ ಮಡಿಸಿ ಜೇಬಿಗೆ ಹಾಕಬೇಡ.

ಇಲ್ಲಿ ನಾವೆಲ್ಲ ಒಂದು ರೀತಿ ಇದ್ದೇವೆ. ಸಕ್ಕರೆ ಕಾಯಿಲೆ ಎಂದು ಗೊತ್ತಾದ ಮೇಲೆ ನಿನ್ನ ಭಾವ ಕಾಫಿಗೆ ಸಕ್ಕರೆ ಬಿಟ್ಟಿದ್ದಾರೆ, ಮುಖವನ್ನೂ ಆ ಕಾಫಿಯ ಹಾಗೆಯೇ ಮಾಡಿಕೊಂಡಿದ್ದಾರೆ. ಅಪ್ಪನ ಬಲಗೈ ಬಲಗಾಲು ಹಾಗೇ ಇವೆ. ಮಾತು ಮರಳಿ ಬರಲಿಲ್ಲ, ಇನ್ನು ಬರುವುದೂ ಇಲ್ಲ ಎಂದು ಡಾಕ್ಟರು ಹೇಳಿಯಾಗಿದೆ. ಕಿವಿ ಮಾತ್ರ ಚುರುಕು, ಪಕ್ಕದ ಮನೆಯ ಗೇಟು ತೆರೆದರೂ ತಲೆಯೆತ್ತುತ್ತಾರೆ. ಬೆಳಿಗ್ಗೆ ಅವರನ್ನು ಎಬ್ಬಿಸಿ, ಮುಖ ತೊಳೆಸಿ, ಕಿಟಕಿಯ ಪಕ್ಕ ಕೂರಿಸಿ, ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತೇನೆ. ಸಂಜೆ ಬಂದು ಅದನ್ನೇ ಹಿಂದುಮುಂದಾಗಿ ಮಾಡುತ್ತೇನೆ. ದೂರುತ್ತಿಲ್ಲ, ಸುಸ್ತಾಗಿದೆ ಅಷ್ಟೇ. ಎಲ್ಲಕ್ಕಿಂತ ಸುಸ್ತು ಮಾಡುವುದು ಅವರ ಕನ್ನಡಕ. ಊರಿಗೆಲ್ಲ ಕನ್ನಡಕ ಮಾಡಿಕೊಟ್ಟ ಮನುಷ್ಯ, ಈಗ ಕಾಲ ಮುಂದಿನ ಚಪ್ಪಲಿ ಕಾಣದೆ ತಡಕಾಡುತ್ತಾರೆ. ನಾಲ್ಕು ವರ್ಷದಲ್ಲಿ ಮೂರು ಸಲ ಹೊಸದು ಮಾಡಿಸಿದೆ. ಮೂರನ್ನೂ ಎಡಗೈಯಿಂದ ತೆಗೆದು ಮೇಜಿನ ಮೇಲಿಟ್ಟು, ದಾರ ಕಟ್ಟಿದ, ಗೀರು ಬಿದ್ದ ಹಳೆಯದನ್ನೇ ಹಾಕಿಕೊಂಡರು. ನಿನಗೆ ಮೊಂಡತನ ಎಲ್ಲಿಂದ ಬಂತು ಎಂದು ಹುಡುಕಲು ದೂರ ಹೋಗಬೇಕಿಲ್ಲ.

ನನ್ನ ಸುದ್ದಿ ಎಂದರೆ, ನಮ್ಮ ಡಿಸ್ಕ್ ಕೋಣೆ ಈ ತಿಂಗಳ ಕೊನೆಗೆ ಮುಚ್ಚುತ್ತಿದೆ. ಇಪ್ಪತ್ತೆರಡು ವರ್ಷ ಡಾಕ್ಟರುಗಳ ಆಪರೇಷನ್ ಪಾಠ, ಕಾಲೇಜುಗಳ ಉಪನ್ಯಾಸ, ನಾಟಕ, ಯಾರ ಯಾರದೋ ಅಜ್ಜಿಯ ನೂರನೇ ಹುಟ್ಟುಹಬ್ಬ ಎಲ್ಲವನ್ನೂ ಡಿಸ್ಕಿಗೆ ಬರೆದುಕೊಟ್ಟೆ. ಈಗ ಡಿಸ್ಕ್ ಹಾಕುವ ಬಾಯಿಯೇ ಕಂಪ್ಯೂಟರುಗಳಿಗಿಲ್ಲ. ಎಂಟು ಯಂತ್ರಗಳಲ್ಲಿ ಮೂರು ಓಡುತ್ತವೆ, ಆರು ಜನರಲ್ಲಿ ನಾನೊಬ್ಬಳು ಉಳಿದಿದ್ದೇನೆ. ಯಜಮಾನರು ಬಂದು ಬಾಗಿಲಲ್ಲಿ ನಿಂತು, ಫ್ಯಾನಿನ ಧೂಳು ನೋಡಿ ಹೋಗುತ್ತಾರೆ. ನನಗೆ ಅಳು ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ, ನಿದ್ದೆ ಬರುತ್ತದೆ.

ಈ ಕೆಲಸದ ಒಂದು ವಿಷಯ ಮಾತ್ರ ನಿನಗೆ ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನೀನು ಅಪ್ಪನ ಅಂಗಡಿಯಲ್ಲಿ ಕನ್ನಡಕದ ಗಾಜು ಉಜ್ಜಿದವನು, ಬೇಗ ತಿಳಿಯುತ್ತದೆ. ಉದ್ದನೆಯ ವಿಡಿಯೋ ಒಂದೇ ಡಿಸ್ಕಿನಲ್ಲಿ ಹಿಡಿಸಬೇಕಾದರೆ ಎರಡು ಪದರದ ಡಿಸ್ಕ್ ಬಳಸುತ್ತೇವೆ. ಎರಡು ಪದರವೂ ಒಂದೇ ಮುಖದಲ್ಲಿ, ಒಂದರ ಹಿಂದೊಂದು, ನಡುವೆ ಕೂದಲೆಳೆಯಷ್ಟು ಜಾಗ. ಮುಂದಿನ ಪದರ ಅರ್ಧ ಬೆಳಕನ್ನು ಹಿಂದಕ್ಕೆ ಬಿಟ್ಟುಕೊಡುತ್ತದೆ. ಪ್ಲೇಯರಿನೊಳಗಿನ ಲೆನ್ಸು ಮೊದಲು ಬೆಳಕನ್ನು ಮುಂದಿನ ಪದರದ ಮೇಲೆ ಕೂಡಿಸಿ, ಒಳಗಿನಿಂದ ಹೊರಗಿನ ಅಂಚಿನವರೆಗೆ ಓದಿಕೊಂಡು ಹೋಗುತ್ತದೆ. ಅಲ್ಲಿ ತುಸು ಸರಿದು, ಅದೇ ಪದರದ ಮೂಲಕ ಹಾಯ್ದು ಹಿಂದಿನ ಪದರದ ಮೇಲೆ ಬೆಳಕು ಕೂಡಿಸಿ, ಹೊರಗಿನಿಂದ ಒಳಕ್ಕೆ ಓದುತ್ತಾ ಬರುತ್ತದೆ. ಎರಡು ಪವರಿನ ಕನ್ನಡಕ ಹಾಕಿಕೊಂಡವರು ಪುಸ್ತಕದಿಂದ ತಲೆಯೆತ್ತಿ ಬಾಗಿಲ ಕಡೆ ನೋಡಿದ ಹಾಗೆ. ಆ ಬದಲಾವಣೆಗೆ ಅರೆ ಕ್ಷಣ ಬೇಕು, ಅಷ್ಟು ಹೊತ್ತು ಚಿತ್ರ ನಿಲ್ಲುತ್ತದೆ. ನಮ್ಮ ಕೋಣೆಯಲ್ಲಿ ಆ ಜಾಗಕ್ಕೆ ಹೊಸ್ತಿಲು ಎನ್ನುತ್ತೇವೆ. ಅದು ಎಲ್ಲಿರಬೇಕೆಂದು ಆರಿಸುವುದು ನನ್ನ ಕೆಲಸ. ಯಾರೂ ಮಾತಾಡದ, ಏನೂ ಅಲುಗಾಡದ ಜಾಗ ಹುಡುಕಿ ಅಲ್ಲಿಡಬೇಕು, ನೋಡುವವರಿಗೆ ಗೊತ್ತೇ ಆಗಬಾರದು. ಹೊಸ್ತಿಲಿಡುವುದರಲ್ಲಿ ನನ್ನ ಕೈ ಯಾರಿಗೂ ಬರುವುದಿಲ್ಲ ಎಂದು ಯಜಮಾನರು ಎಲ್ಲರ ಮುಂದೆ ಹೇಳುತ್ತಿದ್ದರು.

ಹಳೆಯ ಪ್ಲೇಯರುಗಳಿಗೆ ಹೊಸ್ತಿಲು ದಾಟುವುದು ಕಷ್ಟ, ದಾಟಲಾಗದಿದ್ದರೆ ಚಿತ್ರ ಅಲ್ಲೇ ನಿಂತುಬಿಡುತ್ತದೆ. ಅದಕ್ಕೇ ಕೋಣೆಯ ಮೂಲೆಯಲ್ಲಿ ಒಂದು ಹಳೇ ಪ್ಲೇಯರ್ ಇಟ್ಟಿರುತ್ತೇವೆ, ಅದರ ಹೆಸರು ಮುದುಕ. ಮುದುಕ ದಾಟಿದರೆ ಊರೆಲ್ಲ ದಾಟುತ್ತದೆ ಎಂದು ಲೆಕ್ಕ. ಮುದುಕನೇ ಸೋತುಹೋದಾಗ ಅವನಿಗೆ ಹಸಿರು ಚೀಟಿ ಅಂಟಿಸಿ, ಒಂದು ಪದರದ ಡಿಸ್ಕಿಗೆ ಸಾಕು ಎಂದು ಯಾರಿಗಾದರೂ ಕೊಟ್ಟು, ಇನ್ನೊಬ್ಬ ಮುದುಕನನ್ನು ತರುತ್ತೇವೆ. ಇದನ್ನು ನೆನಪಿಟ್ಟುಕೋ.

ಒಂಬತ್ತು ವರ್ಷದ ಹಿಂದಿನದನ್ನು ಕೆದಕಬಾರದೆಂದು ನಾವಿಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದೆವು. ಇವತ್ತು ತೆಗೆಯುತ್ತೇನೆ. ಸಂಗೀತದ ಟೀಚರಮ್ಮ ನಮ್ಮ ಅಂಗಡಿಯ ಹೊಸ ಕನ್ನಡಕ ಹಾಕಿಕೊಂಡು ಮೆಟ್ಟಿಲು ತಪ್ಪಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಗಾಜುಗಳು ಎಡಬಲ ಅದಲುಬದಲಾಗಿದ್ದವು. ಉಜ್ಜಿದ್ದು ನಾನು, ಫ್ರೇಮಿಗೆ ಕೂರಿಸಿದ್ದು ನಾನಲ್ಲ ಎಂದು ನೀನು ಅಂದೆ. ಅಂಗಡಿ ತುಂಬ ಗಿರಾಕಿಗಳಿರುವಾಗ ಅಪ್ಪ, "ಕಣ್ಣಿನ ಕೆಲಸಾನ ಕಣ್ಣಿಲ್ಲದೋನಿಗೆ ಕೊಟ್ಟೆ" ಅಂದರು. ನೀನು ಏಪ್ರನ್ ಬಿಚ್ಚಿ ಮೊಳೆಗೆ ಹಾಕಿ ಹೊರಟೆ. ಆಮೇಲೆ ಗಾಜು ಮುಟ್ಟಲೇ ಇಲ್ಲ, ಇಂಜಿನ್ ಎಣ್ಣೆ ಮುಟ್ಟಿದೆ.

ನಾಲ್ಕು ವರ್ಷದ ಹಿಂದೆ ಅಪ್ಪನಿಗೆ ಮೊದಲ ಸಲ ಲಕ್ವ ಹೊಡೆದಾಗ ಮಾತು ತೊದಲುತ್ತಿತ್ತು, ಆದರೆ ಇತ್ತು. ಇರುವಾಗಲೇ ಹಿಡಿದಿಡೋಣ ಎಂದು ಐದು ಭಾನುವಾರ ಅವರ ಮುಂದೆ ಕ್ಯಾಮೆರಾ ಇಟ್ಟೆ. ಕಲಿತ ಕೆಲಸ, ಮೊದಲ ಅಂಗಡಿ, ಬೋರ್ಡಿಗೆ ಅಮ್ಮ ಆರಿಸಿದ ನೀಲಿ ಬಣ್ಣ, ಎಲ್ಲ ಹೇಳಿದರು. ನಿನ್ನ ಸುದ್ದಿ ಮಾತ್ರ ಎತ್ತಲಿಲ್ಲ. ಕೊನೆಯ ಭಾನುವಾರ ನೀರು ಕೇಳಿದರು, ಕುಡಿದರು, ಆಮೇಲೆ ನಿನ್ನ ಬಗ್ಗೆ ಮಾತಾಡಿದರು. ನಲವತ್ತೆಂಟು ನಿಮಿಷ. ಕ್ಯಾಮೆರಾ ಆರಿಸಿದ ಮೇಲೆ ನನ್ನ ಕೈ ಹಿಡಿದು, "ಇದನ್ನ ಅವನು ನನ್ನ ಬಾಯಿಂದ್ಲೇ ಕೇಳ್ಬೇಕು, ನೀನು ಬಾಯಿ ಬಿಡಕೂಡದು" ಎಂದು ಮಾತು ತೆಗೆದುಕೊಂಡರು. ಎಲ್ಲ ಸೇರಿ ಒಂದು ಗಂಟೆ ಐವತ್ತು ನಿಮಿಷವಾಯಿತು. ಎರಡು ಸಾಮಾನ್ಯ ಡಿಸ್ಕಿಗೆ ಹಾಕಬಹುದಿತ್ತು. ಅಪ್ಪನ ಮಾತನ್ನು ತುಂಡು ಮಾಡಬಾರದು ಎಂದು ನನಗೆ ಹಟ, ಎರಡು ಪದರದ ಒಂದೇ ಡಿಸ್ಕ್ ಮಾಡಿ ಕಳಿಸಿದೆ. ಹದಿನೈದು ದಿನಕ್ಕೆ ನಿನ್ನ ಕಾರ್ಡು ಬಂತು. "ನೋಡಿದೆ, ಅಪ್ಪ ಚೆನ್ನಾಗಿ ಮಾತಾಡಿದ್ದಾರೆ" ಎಂದು ಬರೆದಿದ್ದೆ. ಅಷ್ಟೇ.

ಆ ಕಾರ್ಡನ್ನು ಅಪ್ಪನಿಗೆ ಓದಿ ಹೇಳಿದವಳು ನಾನೇ. ಇನ್ನೇನಾದರೂ ಬರೆದಿದ್ದಾನಾ ಎಂದು ಕೇಳಿದರು. ಇಲ್ಲ ಎಂದೆ. ಕಾರ್ಡು ಇಸಿದುಕೊಂಡು ಹಿಂದೆ ಮುಂದೆ ತಿರುಗಿಸಿದರು. ಎರಡು ತಿಂಗಳಿಗೆ ಮತ್ತೆ ಲಕ್ವ ಹೊಡೆದು ಇದ್ದ ಮಾತೂ ಹೋಯಿತು. ನೀನು ಬಂದು ಆಸ್ಪತ್ರೆಯ ವರಾಂಡದಲ್ಲಿ ಎರಡು ದಿನ ನಿಂತೆ, ಒಳಗೆ ಕಾಲಿಡಲಿಲ್ಲ. ಅಷ್ಟೆಲ್ಲ ಕೇಳಿಸಿಕೊಂಡೂ ಕರಗಲಿಲ್ಲವಲ್ಲ, ಇವನದು ಮನಸ್ಸೋ ಕಲ್ಲೋ ಎಂದು ಅವತ್ತಿನಿಂದ ನಿನ್ನ ಭಾವನ ಮುಂದೆ ಎಷ್ಟು ಸಲ ಅಂದೆನೋ ಲೆಕ್ಕವಿಲ್ಲ. ನಿನಗೆ ನೆಟ್ಟಗೆ ಒಂದು ಕಾಗದ ಬರೆಯಲಿಲ್ಲ. ಹೊಸ ವರ್ಷಕ್ಕೊಂದು ಕಾರ್ಡು, ಕೆಳಗೊಂದು ಸಹಿ.

ಹೋದ ಸೋಮವಾರ ನಿನ್ನ ಮಗಳಿಂದ ಪಾರ್ಸೆಲ್ ಬಂತು. ನಿನಗೆ ಹೇಳದೆ ಕಳಿಸಿದ್ದಾಳೆ, ಅವಳನ್ನು ಬೈಯಬೇಡ. ಒಳಗೆ ಆ ಡಿಸ್ಕು, ಜೊತೆಗೆ ಒಂದು ಚೀಟಿ. "ಅತ್ತೆ, ತಾತನ ಒಂದು ಗಂಟೆ ಎರಡು ನಿಮಿಷದ ವಿಡಿಯೋನ ಫೋನಿಗೆ ಹಾಕಿಕೊಡಿ, ಹಸಿರು ಚೀಟಿ ಅಂಟಿಸಿರೋ ನಮ್ಮ ಪ್ಲೇಯರ್ ಕೆಟ್ಟುಹೋಗೋ ಹಾಗಿದೆ, ಅಪ್ಪ ಅದನ್ನ ಆಗಾಗ ಒಬ್ಬರೇ ಕೂತು ನೋಡ್ತಾರೆ, ಕೊನೇಲಿ ತಾತ ನೀರು ಕುಡಿದು ಸುಮ್ಮನಾಗ್ತಾರಲ್ಲ, ಆಮೇಲೂ ಸ್ವಲ್ಪ ಹೊತ್ತು ಕೂತಿದ್ದು ಎದ್ದು ಹೋಗ್ತಾರೆ." ಇಷ್ಟು ಬರೆದಿದ್ದಳು. ಎಷ್ಟು ನಿಮಿಷ ಎಂದು ಅತ್ತೆ ಕೇಳಬಹುದು ಅಂತ ಗಡಿಯಾರ ಹಿಡಿದು ನೋಡಿದಳಂತೆ.

ಬಸ್‌ಸ್ಟಾಪಿನಲ್ಲಿ ನಿಂತು ಓದುತ್ತಿದ್ದೆ. ಬಂದ ಬಸ್ಸು ಹೋಯಿತು, ಇನ್ನೊಂದೂ ಹೋಯಿತು. ನಿನ್ನ ಮಗಳಿಗೆ ಐದು ವರ್ಷವಿದ್ದಾಗ ಕಾರ್ಟೂನ್ ನೋಡಲಿ ಎಂದು ನಾನೇ ಕಳಿಸಿದ ಪ್ಲೇಯರ್ ಅದು. ಸೋತುಹೋದ ಮುದುಕ. ಹೊಸ್ತಿಲು ದಾಟಲಾರ ಎಂದು ನಾನೇ ಪರೀಕ್ಷೆ ಮಾಡಿ, ನಾನೇ ಹಸಿರು ಚೀಟಿ ಅಂಟಿಸಿದ್ದೆ. ಮೂರು ವರ್ಷ ಕಳೆದ ಮೇಲೆ ಅದೇ ಮನೆಗೆ ಎರಡು ಪದರದ ಡಿಸ್ಕ್ ಕಳಿಸುವಾಗ ಇಲ್ಲಿನ ಹೊಸ ಮುದುಕನಲ್ಲಿ ಹಾಕಿ ನೋಡಿದೆ, ದಾಟಿದ. ನಿನ್ನ ಮನೆಯಲ್ಲಿರುವವನು ಯಾರೆಂದು ನೆನಪಾಗಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ಗಿರಾಕಿಗೂ ಮಾಡದ ತಪ್ಪನ್ನು ಸ್ವಂತ ತಮ್ಮನಿಗೆ ಮಾಡಿದೆ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅರವತ್ತೆರಡನೇ ನಿಮಿಷದಲ್ಲಿ ಅಪ್ಪ ಲೋಟ ಕೆಳಗಿಟ್ಟು ಹನ್ನೊಂದು ಸೆಕೆಂಡು ಸುಮ್ಮನೆ ಕೂತಿದ್ದಾರೆ. ಇಡೀ ವಿಡಿಯೋದಲ್ಲಿ ಅದಕ್ಕಿಂತ ಚೆಂದದ ಜಾಗ ಸಿಗಲಿಲ್ಲ. ಹೊಸ್ತಿಲು ಅಲ್ಲಿಟ್ಟೆ, ಇಟ್ಟು ಖುಷಿಪಟ್ಟೆ. ಕೈ ಕೆಟ್ಟವರು ಯಾರಾದರೂ ಮಾತಿನ ಮಧ್ಯೆ ಇಟ್ಟಿದ್ದರೆ, ಅಪ್ಪನ ಬಾಯಿ ಅರ್ಧ ತೆರೆದೇ ಚಿತ್ರ ನಿಂತು, ಇನ್ನೂ ಏನೋ ಇದೆ ಎಂದು ನಿನಗೆ ಗೊತ್ತಾಗುತ್ತಿತ್ತು. ನಾನು ಚೆನ್ನಾಗಿ ಮಾಡಿದ್ದರಿಂದಲೇ ನಿನಗೆ ಗೊತ್ತಾಗಲಿಲ್ಲ. ಒಂದು ಗಂಟೆ ಊರಿನ ಸುದ್ದಿಯೆಲ್ಲ ಹೇಳಿ, ನಿನ್ನನ್ನು ನೆನೆಯದೆ, ನೀರು ಕುಡಿದು ಮುಗಿಸಿದರು ಎಂದು ತಿಳಿದು ನೀನು ಎದ್ದು ಹೋದೆ. ಆಮೇಲೂ ನಾಲ್ಕು ವರ್ಷ ಹಾಕಿ ಹಾಕಿ ನೋಡಿದೆಯಲ್ಲೋ, ಏನು ಹುಡುಕಿದೆ? ನಿನ್ನನ್ನು ಕಲ್ಲು ಎಂದ ಬಾಯಿಗೆ ಏನು ಮಾಡಿಕೊಳ್ಳಲಿ? ಕ್ಷಮಿಸು.

ಗುರುವಾರ ಅಪ್ಪನಿಗೆ ಹೇಳಿದೆ. ಅವರ ಮುಂದೆ ಮಂಡಿಯೂರಿ ಕೂತು, ಅವನು ಕೇಳಿಸಿಕೊಂಡೇ ಇಲ್ಲ ಅಪ್ಪ, ಅರ್ಧಕ್ಕೆ ನಿಂತುಹೋಗಿತ್ತು, ತಪ್ಪು ನನ್ನದು ಎಂದೆ. ಎಡಗೈ ಎತ್ತಿದರು, ಇನ್ನೊಮ್ಮೆ ಹೇಳು ಎಂದು. ಹೇಳಿದೆ. ಮತ್ತೆ ಎತ್ತಿದರು. ಮೂರು ಸಲ ಹೇಳಿಸಿದರು. ಮಗ ಎಲ್ಲ ಕೇಳಿಯೂ ಬೇಡ ಎಂದ ಎಂದುಕೊಂಡು ನಾಲ್ಕು ವರ್ಷ ಆ ಕಿಟಕಿಯ ಪಕ್ಕ ಕೂತಿದ್ದ ಮನುಷ್ಯ ಕಣೋ. ನನ್ನನ್ನು ಬೈಯುವ ಹಾಗೂ ಇಲ್ಲ ಅವರು. ಅವತ್ತು ರಾತ್ರಿ ತಟ್ಟೆಯಲ್ಲಿ ಒಂದು ಅಗುಳು ಬಿಡದೆ ಊಟ ಮಾಡಿದರು.

ಇದರ ಜೊತೆ ಎರಡು ಡಿಸ್ಕ್ ಇಟ್ಟಿದ್ದೇನೆ, ಎರಡೂ ಒಂದೇ ಪದರದವು, ನಿನ್ನ ಮುದುಕನಿಗೆ ಭಾರವಾಗುವುದಿಲ್ಲ. ಎರಡನೆಯದನ್ನು ಹಾಕು, ಮೊದಲನೆಯದು ನಿನಗೆ ಬಾಯಿಪಾಠವೇ ಇರಬೇಕು. ಅಪ್ಪ ಏನು ಹೇಳಿದರೆಂದು ನಾನು ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ. ಅವರ ಬಾಯಿಂದಲೇ ಕೇಳು. ನಿನ್ನ ಹೆಂಡತಿಗೆ ನನ್ನ ನೆನಪು ಹೇಳು, ಮಗಳಿಗೆ ಎರಡು ಕೆನ್ನೆಗೂ ಒಂದೊಂದು ಮುತ್ತು ಕೊಡು. ಸೊಂಟ ಜೋಪಾನ. ಎಲ್ಲಿದ್ದರೂ ತಣ್ಣಗಿರು.

ನಿನ್ನ
ಅಕ್ಕ

ತಾ.ಕ.: ಅಂಚೆ ಕಚೇರಿ ಮುಚ್ಚುತ್ತದೆ ಎಂದು ನಿನ್ನ ಭಾವ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಆದರೂ ಲಕೋಟೆ ಅಂಟಿಸಲು ಕೈ ಬರುತ್ತಿಲ್ಲ. ಡಿಸ್ಕ್ ದಾರಿಯಲ್ಲಿ ಒಡೆದರೆ? ಮುದುಕ ಇಷ್ಟರಲ್ಲಿ ಪೂರ್ತಿ ಕೆಟ್ಟಿದ್ದರೆ? ಇನ್ನು ಯಾವ ಯಂತ್ರವನ್ನೂ ನಂಬಲಾರೆ. ಈಗಷ್ಟೇ ಹೋಗಿ ಅಪ್ಪನನ್ನು ಕೇಳಿದೆ, ನಿಮ್ಮ ಮಾತು ನಾನೇ ಬರೆದುಬಿಡಲಾ ಎಂದು. ಆಗಲಿ ಎಂದು ತಲೆಯಾಡಿಸಿದರು. ಅವರು ಅಂದ ಹಾಗೇ ಬರೆಯುತ್ತೇನೆ, ಎಲ್ಲ ಬರೆಯಲು ಹೊತ್ತಿಲ್ಲ, ಲೋಟ ಕೆಳಗಿಟ್ಟ ಮೇಲಿನ ಮೊದಲ ಮಾತುಗಳಷ್ಟೇ: "ಮೊಂಡಾ, ಟೀಚರಮ್ಮನ ಗಾಜು ಕೂರಿಸಿದ್ದು ನಾನು. ನೀನು ಎಡ ಬಲ ಗುರುತು ಹಾಕೇ ಕೊಟ್ಟಿದ್ದೆ. ನಂಗೆ ಕಾಣ್ಲಿಲ್ಲ. ಕಾಣಲ್ಲ ಅಂತ ಒಪ್ಕೊಂಡ್ರೆ ಅಂಗಡಿಗೆ ಯಾರು ಬರ್ತಾರೆ ಅಂತ ನಿನ್ನ ಮೇಲೆ ಹಾಕ್ದೆ. ತಪ್ಪು ನಂದೇ ಅಂತ ಅವತ್ತು ಸಂಜೇನೇ ಖಾತ್ರಿ ಆಯ್ತು. ಹೇಳೋಕೆ ಐದು ವರ್ಷ ಬೇಕಾಯ್ತು. ನಿನ್ನ ಏಪ್ರನ್ ಮೊಳೆ ಮೇಲೇ ಇದೆ. ಬಾ ಅನ್ನೋಕೆ ನಂಗೆ ಮುಖ ಇಲ್ಲ. ಬಂದ್ರೆ ನಂಗೊಂದು ಕನ್ನಡಕ ಮಾಡಿಕೊಡು. ಬೇರೆ ಯಾರ ಕೈದೂ ನಾನು ಹಾಕ್ಕೊಳ್ಳಲ್ಲ." ಇನ್ನೂ ಹಾಕಿಕೊಂಡಿಲ್ಲ ಕಣೋ.