ಕಡಲ ದಂಡೆಯ ಟೋಲ್ ರಸ್ತೆಯಲ್ಲಿ ಕೈಯೆತ್ತಿ ನಿಂತಿದ್ದವರ ಬಗ್ಗೆ

ಮಾನ್ಯ ನಿರ್ದೇಶಕರೇ,

ಕಡಲ ದಂಡೆಯ ಟೋಲ್ ಎಕ್ಸ್‌ಪ್ರೆಸ್‌ವೇ ನಿಮ್ಮ ಸುಪರ್ದಿಯಲ್ಲಿದೆ. ಕಳೆದ ಚಳಿಗಾಲದಲ್ಲಿ ಆ ರಸ್ತೆಯ ಮೇಲೆ ಒಬ್ಬರು ಸತ್ತರು. ಗಾಜು, ಕನ್ನಡಿ ಮಾರುವ ಅಂಗಡಿ ಅವರದು. ನಿಮ್ಮ ಕಚೇರಿ ಹೊರಡಿಸಿದ ಹೇಳಿಕೆಯಲ್ಲಿ ಅವರನ್ನು ‘ನಿಷೇಧಿತ ಮಾರ್ಗದಲ್ಲಿ ಅಕ್ರಮವಾಗಿ ನಡೆಯುತ್ತಿದ್ದ ಪಾದಚಾರಿ’ ಎಂದು ಕರೆಯಲಾಗಿದೆ. ಇದು ಸುಳ್ಳು. ಅವರನ್ನು ಜೀವಂತವಾಗಿ ಕಡೆಯದಾಗಿ ಕಂಡವಳು ಬಹುಶಃ ನಾನೇ. ಹಾಗಾಗಿ ಈ ಪತ್ರ ಬರೆಯುವ ಹೊರೆ ನನ್ನ ಪಾಲಿಗೆ ಬಂದಿದೆ.

ನಿಮ್ಮ ರಸ್ತೆಯನ್ನು ಹೊಗಳದೆ ಮುಂದುವರಿದರೆ ಅನ್ಯಾಯವಾದೀತು. ನುಣುಪಾದ ರಸ್ತೆ. ಕುಡಿಯುತ್ತಿರುವ ನೀರು ತುಳುಕುವುದಿಲ್ಲ. ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಉಪ್ಪು ಹಿಡಿದ ಬಯಲು, ನಡುವೆ ಸೊಂಟದೆತ್ತರದ ಕಾಂಕ್ರೀಟು ಗೋಡೆ. ಒಮ್ಮೆ ಒಳಹೊಕ್ಕರೆ ನಿಲ್ಲುವಂತಿಲ್ಲ, ತಿರುಗುವಂತಿಲ್ಲ, ಇಳಿಯುವಂತಿಲ್ಲ. ನಾನು ಫಿಸಿಯೋಥೆರಪಿಸ್ಟ್, ಪಕ್ಕದ ಊರಿನ ಆಸ್ಪತ್ರೆಯಲ್ಲಿ ಕೆಲಸ. ದಿನಾ ಇದೇ ದಾರಿಯಲ್ಲಿ ಹೋಗಿ ಬರುತ್ತೇನೆ. ‘ಸಮುದ್ರದ ಸೊಬಗು ಸವಿಯುತ್ತಾ ಸಾಗಿ’ ಎಂಬ ನಿಮ್ಮ ಫಲಕವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಆ ಸಂಜೆಯೂ ಓದಿದೆ.

ಆ ಸಂಜೆ ಕಾರಿನಲ್ಲಿ ನನ್ನ ಅತ್ತೆಯೂ ಇದ್ದರು. ಬೆಳಿಗ್ಗೆ ಅವರ ಒಂದು ಕಣ್ಣಿಗೆ ಪೊರೆ ತೆಗೆದಿದ್ದರು. ಆ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಹಿಂದಿನ ಸೀಟಿನಲ್ಲಿ ಕೂತು, ಇನ್ನೊಂದು ಕಣ್ಣಿನಿಂದ ನನ್ನ ಡ್ರೈವಿಂಗನ್ನು ತಪಾಸಣೆ ಮಾಡುತ್ತಿದ್ದರು. ಮನೆಯ ಕಡೆಗೆ ಹೊರಟಿದ್ದೆವು. ಸಮುದ್ರ ನಮ್ಮ ಬಲಕ್ಕೆ, ಎದುರು ಬರುವ ವಾಹನಗಳ ಆಚೆಗೆ. ಬೆಳಕು ಇನ್ನೂ ಪೂರ್ತಿ ಹೋಗಿರಲಿಲ್ಲ, ಆದರೆ ನೀರಿನ ಕಡೆಯಿಂದ ಮಂಜು ಎದ್ದು ಗೋಡೆಯ ಮೇಲಿಂದ ನಮ್ಮ ಕಡೆಗೆ ಇಳಿಯುತ್ತಿತ್ತು.

ಆಗ ಗೋಡೆಯಾಚೆ, ಎದುರು ದಿಕ್ಕಿನ ರಸ್ತೆಯ ಅಂಚಿನಲ್ಲಿ ಒಂದು ವ್ಯಾನ್ ನಿಂತದ್ದು ಕಂಡಿತು. ಒಂದು ದೀಪವೂ ಉರಿಯುತ್ತಿರಲಿಲ್ಲ. ಅದರ ಮುಂದೆ ಒಬ್ಬ ವ್ಯಕ್ತಿ ಎರಡೂ ಕೈ ಮೇಲೆತ್ತಿ, ಹಳದಿ ಬಟ್ಟೆಯೊಂದನ್ನು ಬೀಸುತ್ತಿದ್ದರು. ವ್ಯಾನಿನ ಪಕ್ಕಕ್ಕೆ ದೊಡ್ಡದೊಂದು ಕನ್ನಡಿಯನ್ನು ಓರೆಯಾಗಿ ನಿಲ್ಲಿಸಿ ಕಟ್ಟಿತ್ತು, ಹೊದಿಕೆ ಜಾರಿತ್ತು. ನೇರ ಎದುರಿಗೆ ಬಂದ ಕ್ಷಣ ಆ ಕನ್ನಡಿಯಲ್ಲಿ ನನ್ನದೇ ಕಾರು ಕಂಡಿತು. ಮಂಜಿನೊಳಗೆ ನಾನು ಸ್ಟೀರಿಂಗ್ ಹಿಡಿದು ಹಾದು ಹೋಗುವುದನ್ನು ನಾನೇ ನೋಡಿದೆ.

“ನಿಲ್ಲಿಸು, ಯಾರೋ ಕೈ ಮಾಡ್ತಿದ್ದಾರೆ,” ಎಂದರು ಅತ್ತೆ.

ಎಲ್ಲಿ ನಿಲ್ಲಿಸಲಿ? ಬೆನ್ನಿಗೇ ಅಂಟಿಕೊಂಡಂತೆ ಒಂದು ಟ್ಯಾಂಕರ್ ಬರುತ್ತಿತ್ತು. ನಿಲ್ಲಿಸಿದರೂ ಗೋಡೆ ಹತ್ತಿ ಆಚೆಯ ಮೂರು ಸಾಲು ವಾಹನಗಳನ್ನು ದಾಟಬೇಕಿತ್ತು. ನನಗೆ ತೋಚಿದ್ದು ಇಷ್ಟೇ: ಉದ್ದಕ್ಕೆ ಹಾರ್ನ್ ಹೊಡೆದೆ. ಅವರು ನಮ್ಮ ಕಡೆ ತಿರುಗಿದರು. ಮೇಲೆತ್ತಿದ್ದ ಕೈಗಳನ್ನು ಇಳಿಸಿದರು.

ನಿಮ್ಮ ಸಹಾಯವಾಣಿಯ ಸಂಖ್ಯೆಯನ್ನು ಟೋಲ್ ರಸೀದಿಯ ಹಿಂದೆ ಇರುವೆ ಸಾಲಿನಂಥ ಅಕ್ಷರಗಳಲ್ಲಿ ಅಚ್ಚು ಹಾಕಿಸಿದ್ದೀರಿ. ಅತ್ತೆ ಅದನ್ನು ಒಂದೇ ಕಣ್ಣಿನಲ್ಲಿ ಓದಿ ಫೋನು ಮಾಡಿದರು. ಎತ್ತಿಕೊಂಡ ಹುಡುಗಿ ವಿನಯವಂತೆ. ಎಷ್ಟನೇ ಕಿಲೋಮೀಟರ್ ಎಂದು ಕೇಳಿದಳು. ನಾನು ಕಿಲೋಮೀಟರ್ ಕಲ್ಲುಗಳನ್ನು ನೋಡುತ್ತಲೇ ಬಂದೆ. ಉಪ್ಪುಗಾಳಿ ಅವುಗಳ ಅಂಕಿಗಳನ್ನು ತಿಂದು ಹಾಕಿತ್ತು. ಸಮುದ್ರದ ಕಡೆಯ ರಸ್ತೆಯಲ್ಲಿ ಎಂದು ಅತ್ತೆ ಹೇಳಿದರು.

“ಇಡೀ ರಸ್ತೆ ಸಮುದ್ರದ ಪಕ್ಕದಲ್ಲೇ ಇದೆ ಅಮ್ಮಾ. ಕಿಲೋಮೀಟರ್ ಇಲ್ಲದೆ ದೂರು ದಾಖಲಾಗಲ್ಲ.”

ದೂರಲ್ಲವಮ್ಮ, ಮನುಷ್ಯ ಎಂದು ಅತ್ತೆ ಹೇಳುವಷ್ಟರಲ್ಲಿ ಕರೆ ಕಡಿದುಹೋಯಿತು.

ಮುಂದಿನ ಟೋಲ್ ಗೇಟಿನಲ್ಲಿ ಗಾಜು ಇಳಿಸಿ ಹೇಳಿದೆ. ಗೂಡಿನಲ್ಲಿದ್ದವನು ಒಳಗಿನ ಸೂಪರ್‌ವೈಸರ್ ಕಡೆ ಕೈ ತೋರಿಸಿದ. ಸೂಪರ್‌ವೈಸರ್ ಹೊರಗೆ ಬಂದು ಗಸ್ತು ವಾಹನಕ್ಕೆ ತಿಳಿಸುತ್ತೇನೆ ಎಂದರು. ಇಲ್ಲೇ ತಿರುಗಿಸಿಕೊಳ್ಳಲು ಬಿಡಿ, ನಾನೇ ಹೋಗುತ್ತೇನೆ ಎಂದು ಬೇಡಿಕೊಂಡೆ. ನಿಯಮವಿಲ್ಲವಂತೆ. ಹಿಂದಿದ್ದ ವಾಹನಗಳು ಬೊಬ್ಬೆ ಹೊಡೆದವು, ಗೇಟು ಮೇಲೆದ್ದಿತು, ನಾವು ಮುಂದಕ್ಕೆ ತಳ್ಳಲ್ಪಟ್ಟೆವು. ಇಳಿಯುವ ದಾರಿ ಸಿಕ್ಕಿ, ಸೇತುವೆ ಸುತ್ತಿ, ಎದುರು ದಿಕ್ಕಿನ ಗೇಟು ದಾಟಿ ವಾಪಸು ಹೊರಟಾಗ ಮಂಜು ಗಟ್ಟಿಯಾಗಿತ್ತು.

ವ್ಯಾನ್ ಅಲ್ಲೇ ಇತ್ತು. ಅವರಿರಲಿಲ್ಲ. ನಾನು ಇಳಿದು ಕೂಗಿದೆ. ಬಾಗಿಲು ತೆಗೆದೇ ಇತ್ತು; ಸೀಟಿನ ಮೇಲೆ ಮೊಬೈಲ್ ಸತ್ತು ಬಿದ್ದಿತ್ತು. ವ್ಯಾನಿನ ವಿದ್ಯುತ್ ತಂತಿಗಳೇ ಸುಟ್ಟು ಹೋಗಿ ದೀಪವೂ ಇಲ್ಲ, ಚಾರ್ಜೂ ಇಲ್ಲ ಎಂಬಂತಾಗಿತ್ತು ಎಂದು ಆಮೇಲೆ ತಿಳಿಯಿತು. ಸ್ವಲ್ಪ ಮುಂದೆ ನಿಮ್ಮ ಕಿತ್ತಳೆ ಬಣ್ಣದ ತುರ್ತು ದೂರವಾಣಿ ಪೆಟ್ಟಿಗೆ. ಅದರ ಬಾಗಿಲೂ ತೆರೆದಿತ್ತು. ಕೆಳಗೆ ಆ ಹಳದಿ ಬಟ್ಟೆ ಬಿದ್ದಿತ್ತು. ಪೆಟ್ಟಿಗೆಯೊಳಗೆ ಕೈ ಹಾಕಿದೆ. ರಿಸೀವರ್ ಇರಲಿಲ್ಲ. ಕತ್ತರಿಸಿದ ತಂತಿಯ ತುದಿಗಳು ಬೆರಳಿಗೆ ತಾಗಿದವು.

ಅವರು ಮುಂದಿನ ಪೆಟ್ಟಿಗೆಯನ್ನು ಹುಡುಕಿಕೊಂಡು ಹೊರಟಿದ್ದರು. ಅಲ್ಲಿಗೆ ಮುಟ್ಟಲಿಲ್ಲ. ದಾರಿಯಲ್ಲಿ ಒಂದು ಲಾರಿ ಅಡ್ಡಡ್ಡ ನಿಂತಿತ್ತು. ಚಾಲಕ ತಲೆಯ ಮೇಲೆ ಕೈಹೊತ್ತು ರಸ್ತೆ ಬದಿಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಕಾಣಲೇ ಇಲ್ಲ ಎಂದು ಅಷ್ಟನ್ನೇ ಮತ್ತೆ ಮತ್ತೆ ಹೇಳುತ್ತಿದ್ದ. ಲಾರಿಯ ಮುಂದೆ ಬಿದ್ದಿದ್ದ ಅವರ ಕೊರಳ ನಾಡಿ ಹಿಡಿದು ನೋಡಿದೆ. ಕಲಿತದ್ದನ್ನೆಲ್ಲ ಮಾಡಿದೆ. ಆಗುವಂಥದ್ದು ಏನೂ ಉಳಿದಿರಲಿಲ್ಲ. ಅತ್ತೆ ತಾವು ಹೊದ್ದಿದ್ದ ಶಾಲನ್ನು ಅವರ ಮೇಲೆ ಹೊದಿಸಿದರು.

ಆಗ ಬಂದಿತು ನಿಮ್ಮ ಗಸ್ತು ವಾಹನ. ಅದರಿಂದ ಇಳಿದವರು ಮೊದಲು ಮಾಡಿದ ಕೆಲಸ ಒಂದು ಸಾಲು ವಾಹನಗಳಿಗೆ ದಾರಿ ಬಿಡಿಸಿದ್ದು. ಎರಡನೆಯದು, ಇಲ್ಲಿ ನಿಲ್ಲುವುದು ಅಪಾಯ ಎಂದು ನಮ್ಮನ್ನು ಎಚ್ಚರಿಸಿದ್ದು. ಅತ್ತೆ ಕಂಬದ ಮೇಲಿನ ಕ್ಯಾಮೆರಾ ತೋರಿಸಿ ಮೆಲ್ಲಗೆ ಕೇಳಿದರು:

“ಒಂದೇ ಕಣ್ಣಿರೋ ನನಗೆ ಕಂಡ್ರು. ಇಷ್ಟೊಂದು ಕಣ್ಣಿಟ್ಟುಕೊಂಡಿರೋ ನಿಮಗೆ ಕಾಣಲಿಲ್ವೇನಪ್ಪಾ?”

ಮಾನ್ಯರೇ, ಆ ಪ್ರಶ್ನೆಯನ್ನು ತಮಗೇ ವರ್ಗಾಯಿಸುತ್ತಿದ್ದೇನೆ. ವೇಗ ಮಿತಿ ಎಳ್ಳಷ್ಟು ಮೀರಿದರೂ ನನ್ನ ಕಾರಿನ ನಂಬರನ್ನು ಓದಿ ಮನೆಗೆ ನೋಟಿಸು ಕಳಿಸುವ ಕ್ಯಾಮೆರಾಗಳು ಕೈಯೆತ್ತಿ ನಿಂತವರನ್ನು ಏಕೆ ಓದಲಾರವು? ವ್ಯಾನಿನೊಳಗೆ ಕೂತಿದ್ದಾಗ ‘ಗೌರವಾನ್ವಿತ ಬಳಕೆದಾರ’ನಾಗಿದ್ದವರು ವ್ಯಾನು ಕೆಟ್ಟು ಕೆಳಗಿಳಿದ ಕೂಡಲೇ ಅಕ್ರಮಿಯಾಗುವುದು ಯಾವ ಕಾನೂನಿನ ಯಾವ ಕಲಮಿನ ಪ್ರಕಾರ? ಕೆಟ್ಟ ವಾಹನದೊಳಗೆ ಕೂತಿದ್ದರೆ ಹಿಂದಿನಿಂದ ಬಂದವರು ಗುದ್ದುತ್ತಾರೆ, ಇಳಿದು ನಡೆದರೆ ನಿಯಮ ಮುರಿದಂತಾಗುತ್ತದೆ. ನಿಮ್ಮ ರಸ್ತೆಯಲ್ಲಿ ಕಾನೂನುಬದ್ಧವಾಗಿ ಬದುಕುಳಿಯುವ ವಿಧಾನ ಇದ್ದರೆ ದಯಮಾಡಿ ಅದನ್ನೂ ಫಲಕದಲ್ಲಿ ಬರೆಸಿ. ದೂರವಾಣಿ ಪೆಟ್ಟಿಗೆಗಳ ಬಗ್ಗೆ ವಿಚಾರಿಸಿದಾಗ ‘ಎಲ್ಲವೂ ಸುಸ್ಥಿತಿಯಲ್ಲಿವೆ’ ಎಂಬ ಉತ್ತರ ಬಂತು. ನಿಜವೇ. ಬಣ್ಣ ಚೆನ್ನಾಗಿದೆ.

ಪತ್ರಿಕೆಯಲ್ಲಿ ನಿಮ್ಮ ಹೇಳಿಕೆ ಓದಿದ ಮೇಲೆ ನಾನು ಅವರ ಅಂಗಡಿ ಹುಡುಕಿಕೊಂಡು ಹೋದೆ. ಉದ್ದನೆಯ, ಇಕ್ಕಟ್ಟಾದ ಕೋಣೆ. ಎರಡೂ ಗೋಡೆಗೆ ಆತು ನಿಲ್ಲಿಸಿದ ಕನ್ನಡಿಗಳು. ಅವರ ಹೆಂಡತಿ ಮೇಜಿನ ಗಾಜನ್ನು ಹಳೇ ಪತ್ರಿಕೆಯಿಂದ ಒರೆಸುತ್ತಿದ್ದರು. ನಾನು ಯಾರೆಂದು ಹೇಳಿದೆ. ಒಂದು ಸ್ಟೂಲು ಎಳೆದು ಕೂರಿಸಿದರು, ತಾವು ನಿಂತೇ ಇದ್ದರು. ಅಳಲಿಲ್ಲ. ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತು.

“ನೀವು ನೋಡಿದ್ದು ಅವರಿಗೆ ಗೊತ್ತಾಯ್ತಾ?” ಎಂದು ಕೇಳಿದರು.

“ಗೊತ್ತಾಯ್ತು. ಹಾರ್ನ್ ಹೊಡೆದೆ. ಅವರು ಕೈ ಇಳಿಸಿದ್ರು.”

ಒರೆಸಿದ ಜಾಗವನ್ನೇ ಬಹಳ ಹೊತ್ತು ಒರೆಸಿದರು.

“ಹಾಗಾದ್ರೆ ಯಾರೋ ಬರ್ತಾರೆ ಅಂತ ಕಾದಿರ್ತಾರೆ. ಪಾಪ, ತುಂಬಾ ತಾಳ್ಮೆ ಅವರಿಗೆ.”

ಈ ಮಾತು ಅಂದಿನಿಂದ ನನ್ನ ಜೊತೆಯಲ್ಲೇ ಓಡಾಡುತ್ತಿದೆ. ಎಷ್ಟು ಹೊತ್ತು ಕಾದರು? ಬರುವವರು ಬರುವುದಿಲ್ಲವೆಂದು ಯಾವಾಗ ಅನ್ನಿಸಿತು? ನನ್ನ ಕೆಲಸವೇ ಬಿಗಿದ ಭುಜಗಳನ್ನು ಸಡಿಲಿಸುವುದು. ‘ಎರಡೂ ಕೈ ಮೇಲೆತ್ತಿ’ ಎಂದು ರೋಗಿಗಳಿಗೆ ದಿನಕ್ಕೆ ಹತ್ತಾರು ಸಲ ಹೇಳುವವಳು ನಾನು. ಈಗ ರೋಗಿಗಳು ಕೈಯೆತ್ತಿದಾಗ ಕಿಟಕಿಯ ಕಡೆ ತಿರುಗಿ ನಿಲ್ಲುತ್ತೇನೆ. ಮಂಜಿನ ಸಂಜೆ ಆ ಜಾಗ ಹತ್ತಿರವಾದಂತೆ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೇಳುತ್ತದೆ. ಗೋಡೆಯಾಚೆ ಯಾರೋ ನಿಂತಿರುತ್ತಾರೆ. ಹತ್ತಿರ ಹೋದರೆ ಅದು ಫಲಕವಾಗಿರುತ್ತದೆ, ಕಂಬವಾಗಿರುತ್ತದೆ, ಕೆಲವೊಮ್ಮೆ ಏನೂ ಆಗಿರುವುದಿಲ್ಲ. ಅತ್ತೆಯ ಎರಡೂ ಕಣ್ಣು ಈಗ ಚೊಕ್ಕವಾಗಿವೆ. ಆದರೂ ಆ ದಾರಿಯಲ್ಲಿ ಕಣ್ಣು ಮುಚ್ಚಿ ಕೂತು, ದಾಟಿದ್ವಾ ಎಂದು ಕೇಳುತ್ತಾರೆ. ದಾಟಿದ್ವಿ ಎನ್ನುತ್ತೇನೆ. ದಾಟಿಲ್ಲವೆಂದು ಇಬ್ಬರಿಗೂ ಗೊತ್ತು.

ನನ್ನ ಒತ್ತಾಯಗಳು ದೊಡ್ಡವಲ್ಲ. ಪೆಟ್ಟಿಗೆಗಳೊಳಗೆ ದೂರವಾಣಿ ಇಡಿಸಿ. ನಡುಗೋಡೆಯಲ್ಲಿ ತುರ್ತಿಗೆ ತೆರೆಯುವ ಬಾಗಿಲುಗಳನ್ನು ಮಾಡಿಸಿ. ಕಲ್ಲುಗಳ ಮೇಲೆ ಅಂಕಿ ಬರೆಸಿ. ಇವೆಲ್ಲಕ್ಕೆ ಸಮಿತಿ, ಟೆಂಡರು, ಮಂಜೂರಾತಿ ಬೇಕೆನ್ನುವಿರಿ, ಬಲ್ಲೆ. ಆದರೆ ಇನ್ನೊಂದು ಕೆಲಸಕ್ಕೆ ತಮ್ಮ ಪೆನ್ನು ಸಾಕು. ಅಂಗಡಿಯಿಂದ ಹೊರಡುವಾಗ ಅವರ ಹೆಂಡತಿ ನನ್ನ ಮೂಲಕ ತಮಗೆ ಹೇಳಿಕಳಿಸಿದ್ದು ಅದನ್ನೇ. ಅವರ ಮಾತಿನಲ್ಲೇ ಒಪ್ಪಿಸುತ್ತಿದ್ದೇನೆ:

“ನಡೀತಿದ್ರು ಅಂತ ಬರೆದಿದ್ದಾರೆ. ಸಹಾಯ ಕೇಳೋಕೆ ಹೋಗ್ತಿದ್ರು ಅಂತ ಬರೆಯೋಕೆ ಹೇಳಿ. ಅಷ್ಟು ಸಾಕು.”

ಇಂತಿ,
ನಾಳೆ ಸಂಜೆಯೂ ಅದೇ ದಾರಿಯಲ್ಲೇ ಮನೆಗೆ ಬರಬೇಕಾಗಿರುವ
ಒಬ್ಬ ಫಿಸಿಯೋಥೆರಪಿಸ್ಟ್