ಗೇರ್ ಸೈಕಲ್ಲಿನ ಖರ್ಚು

ದಾಸಮ್ಮ,

ಗೇರ್ ಸೈಕಲ್ಲು, ಹೆಲ್ಮೆಟ್ಟು, ನೋವಿನ ಸ್ಪ್ರೇ, ಮತ್ತೆ ರೇಷ್ಮೆಗೂಡಿಗೆ ಚಿನ್ನದ ರೇಟಿರೋ ಈ ವರ್ಷ ನೀನು ಸಾಕಿ ಬಿಟ್ಟುಹೋದ ಅಷ್ಟೂ ರೇಷ್ಮೆಹುಳ. ಒಟ್ಟು ಖರ್ಚು ಇಷ್ಟು.

"ಏರಿಗೆ ಹಗುರ ಗೇರು ಹಾಕ್ಲಾ, ಮಂಡಿ ಹೋಯ್ತದೆ" ಅಂತ ಸೈಕಲ್ ಮಾರಿದ ಲಕ್ಕಯ್ಯ ಹೇಳಿದ್ದ. ನಾನು ಯಾರ ಮಾತು ಕೇಳಿದೀನಿ? ರಾಮನಗರದಿಂದ ನಿನ್ನ ತವರು ಗುಡೇಮಾರನಹಳ್ಳಿವರೆಗೂ ಬಿಗಿ ಗೇರಲ್ಲೇ ತುಳಿದೆ. ನಿಮ್ಮ ಬಾಗಿಲು ಕಂಡದ್ದೇ, ಮನೆಗೆ ಬಾ ಅನ್ನೋಕೆ ಮುಖ ಸಾಲದೆ, ಸೈಕಲ್ ತಿರುಗಿಸಿದೆ.

ಮನೆಗೆ ಬಂದು ಮಂಡಿಗೆ ಸ್ಪ್ರೇ ಹೊಡಕೊಂಡು ಹುಳದ ಮನೆಗೆ ನುಗ್ಗಿದೆ. "ಘಾಟು ಹೊತ್ಕೊಂಡು ಬಂದ್ಬುಟ್ರಾ, ತೊಳ್ಕೊಂಡು ಬನ್ನಿ" ಅಂತ ಬಾಗಿಲಲ್ಲಿ ಬೈಯೋಕೆ ನೀನಿರಲಿಲ್ಲ. ಆ ಘಾಟಿಗೆ ಎಲ್ಲ ಸತ್ತವು. ಹೆರದವಳು ನೀನು, ಇವೇ ನನ್ನ ಮಕ್ಕಳು ಅಂತಿದ್ದೆಯಲ್ಲ, ಹೂತು ಬಂದೆ.

ಲಕ್ಕಯ್ಯನಿಗೆ ಸೈಕಲ್ಲಿನ ಲಾಭ. ನಿನಗೆ ನನ್ನಿಂದ ಬಿಡುಗಡೆ. ನನಗೆ, ಮಂಡಿ ಹೋದಮೇಲೆ, ಗೇರು ಬದಲಾಯಿಸೋದು ಬಂತು.