ಒಂಬತ್ತೇ ವಾರಕ್ಕೆ ನಿಂತ ಧಾರಾವಾಹಿ

ಮಂಗಳವಾರ, ೧೪ನೇ ತಾರೀಖು

ನಿಂತಿತು! ನಾಲ್ಕು ಹುಡುಗರು ಒಂದೇ ಫ್ಲಾಟಿನಲ್ಲಿರುವ ಆ ಹಾಸ್ಯ ಧಾರಾವಾಹಿ ಒಂಬತ್ತೇ ವಾರಕ್ಕೆ ನಿಂತಿತು. ಬರೆದವನು ನನ್ನ ಅಣ್ಣನ ಮಗ. ಮಾಡಿದ್ದುಣ್ಣೋ ಮಹರಾಯ. ನನ್ನ ಹೊಟ್ಟೆ ತಣ್ಣಗಾಯಿತು.

ಅವನು ಹಾಗೇ ಗೆಳೆಯರ ಜೊತೆ ಫ್ಲಾಟಿನಲ್ಲಿದ್ದಾಗ ವಾರಕ್ಕೊಂದು ಕಾಗದ ಬರೆಯುತ್ತಿದ್ದೆ. ಶಾಲೆಯ ಮುಖ ಕಂಡವಳಲ್ಲ ನಾನು, ಅಕ್ಷರ ಮನೆಯಲ್ಲೇ ಕಲಿತದ್ದು. ಮೊದಲು ಕರಡು ಬರೆದು, ತಿದ್ದಿ, ಆಮೇಲೆ ಒಳ್ಳೆಯ ಹಾಳೆಗೆ ಇಳಿಸುತ್ತಿದ್ದೆ. ಆ ಮಾತುಗಳನ್ನೆಲ್ಲ ಅವನು ಧಾರಾವಾಹಿಯ ಪೆದ್ದು ಓನರಮ್ಮನ ಬಾಯಿಗೆ ಹಾಕಿದ. "ಜ್ವರ ಬಂದರೆ ಮುಚ್ಚಿಡಬೇಡ ಮಗಾ, ಬಸ್ಸಿನಲ್ಲಿ ನಿಂತುಕೊಂಡಾದರೂ ಬರುತ್ತೇನೆ" ಎಂದು ಅವಳು ಅಂದಾಗ ಟೀವಿಯೊಳಗೆ ಎಲ್ಲರೂ ಗೊಳ್ಳೆಂದು ನಕ್ಕರು. ಜೊತೆಗೆ ಕೂತಿದ್ದ ಪಕ್ಕದ ಮನೆಯವಳೂ ನಕ್ಕಳು. ನಾನೂ ನಗಬೇಕಾಯಿತು.

ಇವತ್ತು ಸಂಜೆ ಫೋನು ಮಾಡಿದ.

"ಅತ್ತೆ, ಇನ್ನೊಂದು ಚಾನೆಲ್‌ನವರು ಕೇಳ್ತಿದ್ದಾರೆ. ನಿನ್ನ ಹಳೇ ಕಾಗದ ಎಲ್ಲಾ ಖಾಲಿಯಾಯ್ತು. ಹೊಸದೊಂದು ಬರೀತೀಯಾ? ಉದ್ದಕ್ಕೆ, ನಿನ್ನ ಸ್ಟೈಲಲ್ಲೇ!"

"ಅದಕ್ಕೇನಪ್ಪಾ, ಈಗಲೇ ಬರೀತೀನಿ" ಎಂದೆ.

ಬರೆದೆ. "ನಾನು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇನೆ." ಅಷ್ಟೇ. ಇದರಿಂದ ಯಾರನ್ನು ನಗಿಸುತ್ತಾನೋ ನಗಿಸಲಿ! ಲಕೋಟೆ ಅಂಟಿಸಿ, ಬೀದಿ ಕೊನೆಯ ಅಂಚೆ ಡಬ್ಬಿಗೆ ಹಾಕಿಯೇ ಬಂದೆ.

ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ ಎಂದು ಕೇಳದೆ ನಾನು ಅವನಿಗೆ ಕಾಗದ ಮುಗಿಸಿದ್ದು ಇದೇ ಮೊದಲು. ಕೇಳಬಾರದು. ಕೇಳಿದರೆ ಅದಕ್ಕೂ ಜನ ನಗುತ್ತಾರೆ. ಅವನ ಅಡುಗೆಯೋ, ದೇವರಿಗೇ ಪ್ರೀತಿ. ಧಾರಾವಾಹಿ ನಿಂತ ಮೇಲೆ ಅದನ್ನಾದರೂ ಮಾಡಿಕೊಳ್ಳುತ್ತಾನೋ ಇಲ್ಲವೋ... ಇಲ್ಲ, ಕೇಳುವುದಿಲ್ಲ. ಈ ವಾರವಂತೂ ಇಲ್ಲ.